ಬಿತ್ತನೆ ರಾಗಿಯೂ ಮನೆಯ ಹಿರಿಯರೂ
(ಗ್ರಾಮದ ಚಾವಡಿಯಲ್ಲಿ ಮಾಡಿದ ಭಾಷಣ)



ಈ ಸಂಜೆ ಇಲ್ಲಿ ನೆರೆದವರಲ್ಲಿ ತಲೆ ನರೆತವರೇ ಹೆಚ್ಚು. ಹುಡುಗರು ಬೆಂಗಳೂರಿನ ಕೆಲಸಕ್ಕೆ ಹೋಗಿದ್ದಾರೆ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಮಿಕ್ಕಿದ್ದರು. "ಊರಲ್ಲಿ ಮುದುಕರೇ ಉಳಿದರು, ಇನ್ನೇನು ಕೆಲಸವಾದೀತು?" ಎಂದು ಕೆಲವರು ಕೊರಗುತ್ತಾರೆ. ನಾನು ಇದನ್ನು ಒಪ್ಪಲಾರೆ. ಒಬ್ಬ ಅಜ್ಜಿಯ ಮುಂದೆ ನಾನೇ ಸೋತಿದ್ದೇನೆ.

ಹೋದ ಮುಂಗಾರಿನಲ್ಲಿ ಒಬ್ಬ ರೈತರ ಮನೆಯ ಬಿತ್ತನೆ ರಾಗಿಯನ್ನು ನೋಡಿ, ಕಾಳು ದುಂಡಗಿದೆ, ಬಿತ್ತಬಹುದು ಎಂದೆ. ಅವರ ತಾಯಿ ಮೂಸಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ಮೆದೇಲಿ ಕಾವು ಹಿಡಿದ ರಾಗಿ ಕಣಪ್ಪಾ, ಮೊಳೆಯಾಕಿಲ್ಲ" ಎಂದರು. ಡಿಪ್ಲೊಮಾ ಓದಿದವನಿಗೆ ಕೋಪ ಬರದೆ ಇದ್ದೀತೆ? 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಎಂಟನೆಯ ದಿನ ಬಿಚ್ಚಿದರೆ ಮೊಳೆತದ್ದು 41. ಕನಿಷ್ಠ 75 ಮೊಳೆಯಬೇಕು. ಆ ಬೀಜ ಹೊಲಕ್ಕೆ ಬಿದ್ದಿದ್ದರೆ ಆ ವರ್ಷದ ಹಿಟ್ಟಿಗೆ ಕೊರತೆಯಾಗುತ್ತಿತ್ತು.

ಅವರು ಬೀಜ ಮಾಡುವ ಬಗೆಯನ್ನು ಆಮೇಲೆ ಕೇಳಿ ತಿಳಿದೆ. ಕೊಯ್ಲಿಗೆ ಮೊದಲೇ ಹೊಲದಲ್ಲಿ ಅಡ್ಡಾಡಿ, ಬೆಂಕಿ ರೋಗ ತಾಕದ, ಒಂದೇ ಸಮ ತುಂಬಿದ ತೆನೆಗಳನ್ನು ಆರಿಸುತ್ತಾರೆ. ಅವನ್ನು ಮೆದೆಗೆ ಸೇರಿಸದೆ ಬೇರೆಯಾಗಿ ಒಣಗಿಸಿ ಬಡಿಯುತ್ತಾರೆ. ಅಕ್ಕಡಿ ಸಾಲಿನ ಅವರೆ, ತೊಗರಿಗೆ ಹುಳ ಬೀಳದಂತೆ ಕೆಮ್ಮಣ್ಣು ಕಟ್ಟುತ್ತಾರೆ. ರಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಆದ್ದರಿಂದ ಹೀಗೆ ಆರಿಸಿದ ಮನೆಯ ಬೀಜವನ್ನು ಹಲವು ವರ್ಷ ಬಿತ್ತಬಹುದು. ಹೈಬ್ರಿಡ್ ಮುಸುಕಿನ ಜೋಳಕ್ಕೆ ಮಾತ್ರ ಈ ಮಾತು ಸಲ್ಲದು. ಅಲ್ಲಿ ಅಜ್ಜಂದಿರು ನನ್ನ ಮಾತು ಕೇಳಬೇಕು!

ಈ ಸುಗ್ಗಿಯಲ್ಲಿ ಊರ ಬಿತ್ತನೆ ರಾಗಿಯನ್ನು ಐದಾರು ಮಂದಿ ಹಿರಿಯರೇ ಆರಿಸಲಿ. ಶಾಲೆಯ ಮಕ್ಕಳು 100 ಕಾಳು ಎಣಿಸಿ ಮೊಳಕೆ ನೋಡಿ, ಹೊಲದ ಹೆಸರು, ಕೊಯ್ದ ದಿನ ಬರೆದಿಡಲಿ. ಆದರೆ ಹಿರಿಯರಿಂದ ಬಿಟ್ಟಿ ಕೆಲಸ ಬೇಡ. ಬೀಜ ಒಯ್ದವರು ಸೇರಿಗೆ ಒಂದೂಕಾಲು ಸೇರು ಹಿಂದಿರುಗಿಸಲಿ. ಆ ಕಾಲು ಸೇರು ಆರಿಸಿದವರಿಗೆ ಸಲ್ಲಲಿ. ಇನ್ನೊಂದು ಮಾತು: ಬೀಜದ ವಿಷಯ ಚೆನ್ನಾಗಿ ಬಲ್ಲ ಅಜ್ಜಿಯರು ಈಗಲೂ ಆ ಬಾಗಿಲ ಹಿಂದೆ ನಿಂತಿದ್ದಾರೆ. ದಯಮಾಡಿ ಮುಂದೆ ಜಾಗ ಬಿಡಿ.

ಬರುವ ಸೋಮವಾರ ಹೇಗೂ ಎತ್ತು ಹೂಡುವುದಿಲ್ಲ. ಅಂದು ಬೆಳಿಗ್ಗೆ ಮಾರಿಗುಡಿಯ ಹಿಂದಿನ ಹೊಲದಲ್ಲಿ ತೆನೆ ಆರಿಸೋಣ. ಆ ತಾಯಿಯೂ ಬರಲು ಒಪ್ಪಿದ್ದಾರೆ. ಅವರಿಗೆ ಮಂಡಿನೋವು, ಯಾರಾದರೂ ಒಂದು ಗಾಡಿ ಕೊಡಬೇಕು.