ಹಾವಿನ ವಿಷ, ಕುದುರೆಯ ರಕ್ತ



ಅಫಜಲಪುರ ತಾಲ್ಲೂಕಿನ ಹವಳಗಾ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಹಾವಿನ ಭಯವೂ ಜೊತೆಗೇ ಬರುತ್ತದೆ. ಹುಳ ಮುಟ್ಟಿದವರನ್ನು, ಅಂದರೆ ಹಾವು ಕಚ್ಚಿದವರನ್ನು, ಆಸ್ಪತ್ರೆಗೆ ಒಯ್ದರೆ ಸಲೈನಿನಲ್ಲಿ ಬೆರೆಸಿ ನರಕ್ಕೆ ಏರಿಸುವ ಔಷಧವಿದೆಯಲ್ಲ, ಅದು ಕುದುರೆಯ ರಕ್ತದಿಂದ ತೆಗೆದದ್ದು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತ ಹೋದರೆ ಅದರ ಮೈ ಆ ವಿಷವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವೇ ಪ್ರತಿಕಾಯಗಳು. ಇವತ್ತಿನ ಮಾತು ಇವುಗಳ ಬಗ್ಗೆ. ಇವು ಕೈಕೊಟ್ಟಾಗ ವಿಜ್ಞಾನಿಗಳು ಕಾರಣ ಹುಡುಕಿದ ಬಗೆಯೇ ನನಗೆ ಹೆಚ್ಚು ಕುತೂಹಲದ್ದು.

1890ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ ಒಂದು ಸಂಗತಿ ತೋರಿಸಿದರು. ಧನುರ್ವಾಯುವಿನ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದ್ರವವನ್ನು, ಅಂದರೆ ಸೀರಮ್ ಅನ್ನು, ಬೇರೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಗುತ್ತದೆ. ಮರುವರ್ಷ ವಿಯೆಟ್ನಾಮಿನ ಬಾಕ್ ಲಿಯೂ ಎಂಬಲ್ಲಿ ನೆರೆ ಬಂದು, ನಾಗರಹಾವುಗಳು ಮನೆಗಳಿಗೆ ನುಗ್ಗಿ ಹತ್ತಾರು ಜನರನ್ನು ಕಚ್ಚಿದವು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ್ದನ್ನು ಕಂಡ ಅಫಜಲಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಕ್ ಲಿಯೂ ನೆರೆಯ ಕಾಲಕ್ಕೆ ಅದೇ ದೇಶದ ಸೈಗಾನಿನಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಹಾವಿನ ವಿಷದ ಬೆನ್ನು ಹತ್ತಿದರು. 1895ರ ಹೊತ್ತಿಗೆ ಅವರ ಸೀರಮ್ ಸಿದ್ಧವಾಗಿತ್ತು. ನಾಗರದ ವಿಷದಿಂದ ತಯಾರಾದ ಅದು ಎಲ್ಲ ಹಾವಿಗೂ ನಡೆಯುತ್ತದೆ ಎಂದು ಅವರು ಬಲವಾಗಿ ನಂಬಿದ್ದರು.

ನಡೆಯಲಿಲ್ಲ. ಮುಂಬೈನ ಪ್ರಯೋಗಾಲಯವೊಂದರಲ್ಲಿದ್ದ ಜಾರ್ಜ್ ಲ್ಯಾಂಬ್ 20ನೇ ಶತಮಾನದ ಆರಂಭದಲ್ಲಿ ಕೊಳಕುಮಂಡಲದ ವಿಷದೆದುರು ಅದನ್ನು ಪರೀಕ್ಷಿಸಿದಾಗ ಅದು ಏನೂ ಮಾಡಲಿಲ್ಲ. ಯಾವ ವಿಷ ಕೊಟ್ಟು ತಯಾರಿಸಿದ್ದೋ ಆ ವಿಷಕ್ಕೇ ಪ್ರತಿಕಾಯ. ಹಾಗಾಗಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಬಾಟಲಿಯಲ್ಲಿ ಮದ್ದು ಕೊಡುವ ಪದ್ಧತಿ ಮುಂದೆ ಬಂತು, ಈಗಲೂ ಇದೆ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು 1978ರಲ್ಲಿ ಶುರುವಾದ, ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳ ಸಮುದಾಯದ ಸಹಕಾರ ಸಂಘದಿಂದ.

ತಮಿಳುನಾಡಿನ ನಾಗರದ ವಿಷವೂ ಬೇರೆ ಸೀಮೆಯ ನಾಗರದ ವಿಷವೂ ಒಂದೇ ಏನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಇದನ್ನೇ ಕೇಳಿತು. ಔಷಧದ ಪ್ರತಿಕಾಯ ಯಾವ ವಿಷಕ್ಕೆ ಎಷ್ಟು ಅಂಟುತ್ತದೆ ಎಂಬ ಪರೀಕ್ಷೆ ನಡೆಯುವುದು ಸಣ್ಣ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಹೆಸರು ಎಲೈಸಾ, 1971ರಿಂದ ಬಳಕೆಯಲ್ಲಿದೆ. ಕುಳಿಯ ತಳಕ್ಕೆ ವಿಷ ಅಂಟಿಸುತ್ತಾರೆ. ಉಳಿದ ಬರಿ ಜಾಗಕ್ಕೆ ಪ್ರತಿಕಾಯ ಸುಮ್ಮಸುಮ್ಮನೆ ಅಂಟಬಾರದೆಂದು ಮೊದಲೇ ಬೇರೆ ಪ್ರೋಟೀನು ತುಂಬುತ್ತಾರೆ. ಎಷ್ಟೋ ಪ್ರಯೋಗಾಲಯಗಳಲ್ಲಿ ಇದಕ್ಕೆ ಬಳಸುವುದು ಕೆನೆ ತೆಗೆದ ಹಾಲಿನ ಪುಡಿ! ಆಮೇಲೆ ಪ್ರತಿಕಾಯ ಹಾಕಿ, ತೊಳೆದು, ಬಣ್ಣ ಬರಿಸುವ ಎರಡನೆಯ ಪ್ರತಿಕಾಯ ಹಾಕುತ್ತಾರೆ. ಬಣ್ಣ ಬಂದರೆ ಅಂಟಿದೆ ಎಂದರ್ಥ.

ಇಷ್ಟಕ್ಕೇ ನಂಬಿದರೆ ಕೆಟ್ಟಂತೆ. ವಿಷವನ್ನೇ ಕಾಣದ ಕುದುರೆಯ ರಕ್ತವೂ ಒಂದಿಷ್ಟು ಬಣ್ಣ ತರುತ್ತದೆ. ಆದ್ದರಿಂದ ಅದನ್ನೂ ಬೇರೆ ಕುಳಿಯಲ್ಲಿ ಹಾಕಿ, ಅದಕ್ಕಿಂತ ಹೆಚ್ಚು ಬಂದ ಬಣ್ಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ವಿಷಕ್ಕೆ ಅಂಟಿದ ಪ್ರತಿಕಾಯ ವಿಷದ ಕೆಲಸವನ್ನು ತಡೆದೇ ತೀರುತ್ತದೆ ಎಂದೇನಿಲ್ಲ. ತಟ್ಟೆಯಲ್ಲಿ ಗಾಢ ಬಣ್ಣ, ಅದೇ ವಿಷ ಮತ್ತು ಪ್ರತಿಕಾಯ ಚುಚ್ಚಿದ ಇಲಿ ಮಾತ್ರ ಬದುಕಲಿಲ್ಲ. ಹಿಡಿಯಬಾರದ ಕಡೆ ಹಿಡಿದರೆ ಹೀಗಾಗುತ್ತದೆ. ಅದಕ್ಕೇ ಕೊನೆಯ ತೀರ್ಪು ಇಲಿಯ ಮೇಲಿನ ಪರೀಕ್ಷೆಯದು. ಆ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೊಂದು ಸೀಮೆಯ ನಾಗರದ ವಿಷ ಒಂದೊಂದು ಬಗೆ ಎಂದು ತಿಳಿಯಿತು. ರಾಜಸ್ಥಾನದ ಮರುಭೂಮಿಯ ನಾಗರದೆದುರು ಮಾರುಕಟ್ಟೆಯ ಔಷಧ ತೀರಾ ಸೋತಿತು.

ಕುದುರೆಯೇ ಬೇಡ, ಬೇಕಾದ ಒಂದೇ ಪ್ರತಿಕಾಯವನ್ನು ಆರಿಸಿಕೊಳ್ಳೋಣ ಎಂಬ ದಾರಿ 1975ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಅವರಿಂದ ತೆರೆಯಿತು. 2024ರಲ್ಲಿ ಸುಣಗಾರ್ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ, ಯೀಸ್ಟ್ ಕೋಶಗಳ ಮೈಮೇಲೆ ಮೂಡಿಸಿದ ಮಾನವ ಪ್ರತಿಕಾಯಗಳ ರಾಶಿಯಿಂದ ಒಂದನ್ನು ಹೆಕ್ಕಿತು. ವಿಷವನ್ನೂ ಪ್ರತಿಕಾಯವನ್ನೂ ಮೊದಲೇ ಬೆರೆಸಿ ಚುಚ್ಚಿದ ಇಲಿಗಳು ಬದುಕಿದವು. ಆದರೆ ಹೊಲದಲ್ಲಿ ಹಾವು ಹಾಗೆ ಬೆರೆಸಿ ಕಚ್ಚುವುದಿಲ್ಲವಲ್ಲ! ಹಾಗಾಗಿ ಮೊದಲು ವಿಷ, 20 ನಿಮಿಷದ ನಂತರ ಪ್ರತಿಕಾಯ ಕೊಟ್ಟು ನೋಡಿದರು. ಆಗಲೂ ಇಲಿಗಳು ಉಳಿದವು. ಹಳೆಯ ಔಷಧ 10 ನಿಮಿಷ ತಡವಾದರೂ ಬಹಳಷ್ಟು ಸೊರಗಿತ್ತು.

ಈ ಪ್ರತಿಕಾಯ ತಡೆಯುವುದು ನಾಗರ, ಕಟ್ಟುಹಾವಿನ ಜಾತಿಗಳಲ್ಲಿರುವ ಒಂದು ಬಗೆಯ ನರವಿಷವನ್ನು ಮಾತ್ರ. ರಕ್ತ ಕೆಡಿಸುವ ಮಂಡಲದ ಹಾವುಗಳ ವಿಷಕ್ಕೆ ಬೇರೆಯವೇ ಬೇಕು. ಇದಿನ್ನೂ ಇಲಿಗಳ ಹಂತದ ಮಾತು, ಆಸ್ಪತ್ರೆಯಲ್ಲಿ ಇವತ್ತಿಗೆ ಸಿಗುವುದು ಕುದುರೆಯದೇ. ಜೀವ ಉಳಿಸುವುದೂ ಅದೇ, ಬೇಗ ತಲುಪಿದರೆ. ಈ ನಡುವೆ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಫಜಲಪುರ, ಆಳಂದ, ಜೇವರ್ಗಿಯ ಆಸ್ಪತ್ರೆಗಳಿಗೂ ಈಗ ಆ ಲೆಕ್ಕ ಕೊಡುವ ಹೊಣೆ ಇದೆ.