ಸಣ್ಣ ಗಾಯದ ಆಚೆಗಿನ ಲೆಕ್ಕ



ಸಣ್ಣ ಗಾಯದ ಹೃದಯ ಶಸ್ತ್ರಚಿಕಿತ್ಸೆ ಎಂದೊಡನೆ ಪರದೆಯ ಮೇಲೆ ಮೊದಲು ಬರುವುದು ಒಂದು ಫೋಟೊ: ಬಲ ಎದೆಯ ಪಕ್ಕದಲ್ಲಿ ಐದಾರು ಸೆಂಟಿಮೀಟರಿನ ಗೆರೆ, ಅದರ ಮಗ್ಗುಲಲ್ಲಿ ಅಳತೆಪಟ್ಟಿ. ಈ ಸಂಕಿರಣದಲ್ಲೂ ಅಂಥ ಫೋಟೊಗಳು ಬಹಳ ಬರಲಿವೆ. ಬರಲಿ. ಆ ಅಳತೆಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಮ್ಮ ಚರ್ಚೆ ಶುರುವಾಗಲಿ ಎಂಬುದು ನನ್ನ ಆಶಯ. ನಮ್ಮಿಂದ ರೋಗಿಗೆ ಆಗುವ ಘಾಸಿಯನ್ನು ಆಕೆ ಮುಂದೆ ಬಾಳಬೇಕಾದ ವರ್ಷಗಳ ಉದ್ದಕ್ಕೂ ಲೆಕ್ಕ ಹಾಕಬೇಕು.

ಆಕೆ ಎಂದೆ, ಬೇಕೆಂದೇ ಹಾಗೆಂದೆ. ಪಾಶ್ಚಾತ್ಯ ದೇಶಗಳಲ್ಲಿ ಈ ವಿದ್ಯೆ ಪಳಗಿದ್ದು ಹೆಚ್ಚಾಗಿ ವಯಸ್ಸಾದವರ ಸವೆದ, ಸಡಿಲಾದ ಮೈಟ್ರಲ್ ಕವಾಟಗಳ ಮೇಲೆ. ನಮ್ಮ ಓಪಿಡಿ ಬೆಂಚಿನ ಮೇಲೆ ಕೂತವಳು ಎಷ್ಟೋ ಸಲ ಇಪ್ಪತ್ತು, ಮೂವತ್ತರ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಗಂಟಲು ನೋವು, ಅದರ ಹಿಂದೆಯೇ ಕೀಲು ಬಾತ ರುಮ್ಯಾಟಿಕ್ ಜ್ವರ, ಆಮೇಲೆ ಎಲ್ಲರೂ ಮರೆತ ಹತ್ತಾರು ವರ್ಷ. ಬಸುರಿಯಾದಾಗಲೋ ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗಲೋ ಉಸಿರು ಕಟ್ಟುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಕವಾಟ ಒಂದಕ್ಕೆ ಇಳಿದಿರುತ್ತದೆ. ಎಸಳುಗಳ ಅಂಚು ಒಂದಕ್ಕೊಂದು ಅಂಟಿ ಮೀನಿನ ಬಾಯಿಯಂತೆ ಕಿರಿದಾಗಿರುತ್ತದೆ.

ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. 1925ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸೌಟರ್ ಎಳೆಯ ಹುಡುಗಿಯೊಬ್ಬಳ ಬಡಿಯುತ್ತಿದ್ದ ಹೃದಯದ ಎಡ ಹೃತ್ಕರ್ಣದೊಳಗೆ ಬೆರಳು ತೂರಿಸಿ ಕವಾಟವನ್ನು ಮುಟ್ಟಿ ಬಿಡಿಸಿದರು. ಹುಡುಗಿ ಬದುಕಿದಳು. ಆದರೂ ವೈದ್ಯರು ಅವರ ಬಳಿಗೆ ಅಂಥ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ. 1948ರಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೇಲಿ, ಬಾಸ್ಟನ್ನಿನ ಡ್ವೈಟ್ ಹಾರ್ಕೆನ್ ಅದೇ ದಾರಿಗೆ ಮರಳಿದ ಮೇಲೆ ಮುಚ್ಚಿದ ವಾಲ್ವೊಟಮಿ ನೆಲೆ ನಿಂತಿತು. ಭಾರತದಲ್ಲಿ ಅದು ದಶಕಗಳ ಕಾಲ ಬಡವರ ಹೃದಯ ಶಸ್ತ್ರಚಿಕಿತ್ಸೆಯಾಗಿತ್ತು: ಎದೆಯ ನಡುಮೂಳೆ ಸೀಳುವುದಿಲ್ಲ, ಹಾರ್ಟ್-ಲಂಗ್ ಮೆಷಿನ್ ಬೇಡ, ಪಕ್ಕೆಲುಬಿನ ಸಂದಿಯಿಂದ ಒಂದು ಬೆರಳು, ಒಂದು ಡೈಲೇಟರ್. ಇಂದಿನ ಅರ್ಥದ ಸಣ್ಣ ಗಾಯ ಅದಲ್ಲದಿರಬಹುದು. ಆದರೆ ರೋಗಿಯ ಕವಾಟ ರೋಗಿಯಲ್ಲೇ ಉಳಿಯುತ್ತಿತ್ತು. ನನ್ನ ಮಟ್ಟಿಗೆ ಈ ಸಂಕಿರಣದ ನಿಜವಾದ ಪೂರ್ವಜರು ಆ ಶಸ್ತ್ರಚಿಕಿತ್ಸಕರೇ.

ಆ ಬೆರಳಿನ ಕೆಲಸವನ್ನು ಬಲೂನಿಗೆ ವಹಿಸಿದವರು ಜಪಾನಿನ ಕಾಂಜಿ ಇನೊವೆ. ಅವರೂ ಹೃದಯ ಶಸ್ತ್ರಚಿಕಿತ್ಸಕರೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವರ ವರದಿ 1984ರಲ್ಲಿ ಪ್ರಕಟವಾಯಿತು. ತೊಡೆಸಂದಿನ ಸಿರೆಯಿಂದ ಏರಿದ ಕ್ಯಾಥೆಟರ್ ಹೃತ್ಕರ್ಣಗಳ ನಡುಗೋಡೆಯನ್ನು ಸೂಜಿಯಿಂದ ದಾಟಿ ಎಡಕ್ಕೆ ಇಳಿಯುತ್ತದೆ. ಬಲೂನಿನ ಮುಂತುದಿ ಮೊದಲು ಉಬ್ಬುತ್ತದೆ, ಹಿಂದಕ್ಕೆ ಎಳೆದಾಗ ಕವಾಟಕ್ಕೆ ತಡೆದು ನಿಲ್ಲುತ್ತದೆ, ಹಿಂಭಾಗ ಉಬ್ಬುತ್ತದೆ, ಕಡೆಗೆ ನಡು ಬಿರಿಯುತ್ತದೆ. ಅದಾದ ಕೆಲವೇ ಕ್ಷಣಗಳಲ್ಲಿ, ಮಾನಿಟರಿನ ಮೇಲೆ ದೂರ ದೂರ ಇದ್ದ ಹೃತ್ಕರ್ಣ, ಹೃತ್ಕುಕ್ಷಿಗಳ ಒತ್ತಡದ ಗೆರೆಗಳು ಹತ್ತಿರ ಬರುತ್ತವೆ. ಹೃತ್ಕರ್ಣದಲ್ಲಿ ಹೆಪ್ಪು ಇರಬಾರದು, ಸೋರಿಕೆ ಹೆಚ್ಚಿರಬಾರದು, ಕವಾಟ ಸುಣ್ಣಗಟ್ಟಿ ಕಲ್ಲಾಗಿರಬಾರದು. ಈ ಷರತ್ತುಗಳಿಗೆ ಹೊಂದುವವಳಿಗೆ ಇದಕ್ಕಿಂತ ಕಡಿಮೆ ಘಾಸಿಯ ದಾರಿ ಇಲ್ಲ. ಬೆಂಗಳೂರಿನ ಜಯದೇವ ಸಂಸ್ಥೆ ಈ ಚಿಕಿತ್ಸೆಯನ್ನು ಅತಿ ಹೆಚ್ಚು ಮಾಡಿದ ಕೇಂದ್ರಗಳಲ್ಲೊಂದು ಎಂಬುದು ನಮ್ಮೆಲ್ಲರ ಹೆಮ್ಮೆ.

ಬಲೂನಿಗೆ ಬಗ್ಗದ ಕವಾಟ ನಮ್ಮ ಮೇಜಿಗೆ ಬರುತ್ತದೆ. ಬಲಗಡೆ ನಾಲ್ಕನೆಯ ಪಕ್ಕೆಲುಬಿನ ಸಂದಿ, ತೊಡೆಸಂದಿನಲ್ಲಿ ಯಂತ್ರದ ಕೊಳವೆಗಳು, ಉದ್ದನೆಯ ಸಲಕರಣೆಗಳ ತುದಿಯಲ್ಲಿ ಹೊಲಿಗೆ, ಅನ್ನನಾಳದಿಂದ ಎಕೋ ತೋರಿಸುವ ಚಿತ್ರ. ಮೂಳೆ ಸೀಳದ ಲಾಭ ಕೂಲಿ ಮಾಡುವವರಿಗೆ ತಟ್ಟನೆ ಅರ್ಥವಾಗುತ್ತದೆ. "ಸಾರ್, ಯಾವಾಗಿಂದ ಕೊಡ ಎತ್ತಬಹುದು?" ಎಂದೇ ಅವರು ಕೇಳುವುದು, ಸೀಳಿದ ನಡುಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಆದರೆ ಲಾಭವನ್ನು ಉಬ್ಬಿಸಿ ಹೇಳುವುದು ಬೇಡ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಮೈಟ್ರಲ್ ರಿಪೇರಿಗೆ ಬಂದ 330 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಸಣ್ಣ ಗಾಯದವರು ಬೇಗ ಮನೆಗೆ ಹೋದರು, ಮೊದಲ ವಾರಗಳಲ್ಲಿ ಹೆಚ್ಚು ಓಡಾಡಿದರು. ಹನ್ನೆರಡನೆಯ ವಾರದ ಹೊತ್ತಿಗೆ ದೈಹಿಕ ಚೇತರಿಕೆಯಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಕವಾಟ ರಿಪೇರಿಯ ಗುಣಮಟ್ಟವೂ ಎರಡರಲ್ಲೂ ಸಮ. ಪಳಗಿದ ಕೈಗಳ ಫಲ ಅದು ಎಂಬುದನ್ನು ಮರೆಯಬಾರದು. ಕಲಿಯುವ ಹಂತದಲ್ಲಿ ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿದ ಹೊತ್ತು ಬೆಳೆಯುತ್ತದೆ, ಆ ಬೆಲೆಯನ್ನು ತೆರುವುದು ಹೃದಯದ ಸ್ನಾಯು.

ನನ್ನನ್ನು ನಿಜವಾಗಿ ಕಾಡುವುದು ಇನ್ನೊಂದು. ರುಮ್ಯಾಟಿಕ್ ಕವಾಟದ ರಿಪೇರಿ ಕಷ್ಟ. ಎಸಳು ದಪ್ಪ, ಅದರ ಕೆಳಗಿನ ತಂತುಗಳು ಗಿಡ್ಡ. ಸಣ್ಣ ಕಿಂಡಿಯಿಂದ ಅದು ಇನ್ನೂ ಕಷ್ಟ. ಆಗ ಹೊಸ ವಾಲ್ವ್ ಕೂರಿಸಿಬಿಡುವ ಸೆಳೆತ ಬಲವಾಗುತ್ತದೆ. ಇಪ್ಪತ್ನಾಲ್ಕರ ಹೆಣ್ಣಿಗೆ ಐದು ಸೆಂಟಿಮೀಟರ್ ಗಾಯದಿಂದ ಲೋಹದ ವಾಲ್ವ್ ಹಾಕಿ ಕಳಿಸಿದೆವು ಎನ್ನಿ. ಗಾಯ ರವಿಕೆಯ ಒಳಗೆ ಮುಚ್ಚಿಹೋಗುತ್ತದೆ. ವಾರ್ಫರಿನ್ ಮಾತ್ರೆ ಜೀವನಪೂರ್ತಿ ಉಳಿಯುತ್ತದೆ. ಐಎನ್‌ಆರ್ ನೋಡಿಸಲು ತಾಲ್ಲೂಕು ಕೇಂದ್ರಕ್ಕೆ ಬಸ್ಸು, ಒಂದು ದಿನದ ಕೂಲಿ. ಮಾತ್ರೆ ತಪ್ಪಿದರೆ ವಾಲ್ವ್ ಹೆಪ್ಪುಗಟ್ಟಿ ಜಾಮ್ ಆಗಬಹುದು; ಬಸುರಿನ ಮೊದಲ ತಿಂಗಳುಗಳಲ್ಲಿ ಅದೇ ಮಾತ್ರೆ ಕೂಸಿಗೆ ಅಪಾಯ. ಹೆಪ್ಪು ತಡೆಯುವ ಹೊಸ ಮಾತ್ರೆಗಳು ಲೋಹದ ವಾಲ್ವಿಗೆ ಸಲ್ಲವು. ರುಮ್ಯಾಟಿಕ್ ಕಾಯಿಲೆಯ ಜೊತೆ ಹೃದಯದ ಲಯ ತಪ್ಪಿದವರಲ್ಲೂ ಹಳೆಯ ಮಾತ್ರೆಯೇ ಮೇಲೆಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿದೆ. ವಾಲ್ವ್ ಬದಲಾವಣೆ ಅನಿವಾರ್ಯವಾದ ಸಾವಿರಾರು ಜನರನ್ನು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ವಲಿಯತ್ತಾನರ ತಂಡ ರೂಪಿಸಿ 1990ರಲ್ಲಿ ಮೊದಲು ಅಳವಡಿಸಿದ ಚಿತ್ರಾ ವಾಲ್ವ್ ಬದುಕಿಸಿದೆ, ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ದೊಡ್ಡ ಗಾಯದಿಂದ ಸ್ವಂತ ಕವಾಟ ಉಳಿಯುವುದಾದರೆ, ಸಣ್ಣ ಗಾಯದ ಲೋಹದ ವಾಲ್ವಿಗಿಂತ ಅದೇ ಕಡಿಮೆ ಘಾಸಿಯ ಚಿಕಿತ್ಸೆ. ಇದು ನನ್ನ ಖಚಿತ ನಿಲುವು. ಒಪ್ಪದವರು ದಯವಿಟ್ಟು ಎದ್ದು ನಿಂತು ವಾದಿಸಿ.

ಹಾಗಾಗಿ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಗಾಯದ ಫೋಟೊ ಇರುವ ಸ್ಲೈಡಿನಲ್ಲೇ ಇನ್ನು ಮೂರು ಸಂಗತಿ ಸೇರಿಸಿ: ಕ್ಲ್ಯಾಂಪ್ ಎಷ್ಟು ಹೊತ್ತು ಇತ್ತು, ಕವಾಟ ಉಳಿಯಿತೇ ಬದಲಾಯಿತೇ, ವರ್ಷದ ಮೇಲೆ ರೋಗಿ ಯಾವ ಮಾತ್ರೆಯ ಮೇಲಿದ್ದಾರೆ. ಮಧ್ಯಾಹ್ನದ ಗೋಷ್ಠಿಗೆ, ಮಕ್ಕಳ ಗಂಟಲು ನೋವಿಗೆ ಸಕಾಲದಲ್ಲಿ ಪೆನ್ಸಿಲಿನ್ ಕೊಡಿಸುವ, ರುಮ್ಯಾಟಿಕ್ ಜ್ವರ ಬಂದು ಹೋದವರಿಗೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ತಪ್ಪದಂತೆ ನೋಡಿಕೊಳ್ಳುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕರೆದಿದ್ದಾರೆ. ಆ ಗೋಷ್ಠಿಗೆ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ಸಂಘಟಕರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಶಸ್ತ್ರಚಿಕಿತ್ಸಕರು ಊಟದ ನಂತರ ಎದ್ದು ಹೋಗದೆ ಮುಂದಿನ ಸಾಲಿನಲ್ಲೇ ಕೂರಬೇಕು.