ಕೈಮುರಿದ ಬಾಲಯೇಸು

(ಬಾಲಯೇಸುವಿನ ಹಬ್ಬದ ಪ್ರಬೋಧನೆ)



ಒಂಬತ್ತು ದಿನಗಳ ನವೇನ ಮುಗಿಸಿ ಇಂದು ನಾವು ಬಾಲಯೇಸುವಿನ ಹಬ್ಬವನ್ನು ಆಚರಿಸುತ್ತಿದ್ದೇವೆ. ಸ್ವರೂಪಕ್ಕೆ ಹೊಸ ರೇಷ್ಮೆ ಉಡುಪು ತೊಡಿಸಿದ್ದೇವೆ, ಕಿರೀಟ ಇಟ್ಟಿದ್ದೇವೆ. ಸಂಜೆ ತೇರಿನ ಮೆರವಣಿಗೆಯಲ್ಲಿ ಬಾಲಯೇಸು ಅಲುಗದಂತೆ ನಾಲ್ಕೂ ಕಡೆ ನಮ್ಮ ಯುವಕರು ಹಿಡಿದು ನಡೆಯುತ್ತಾರೆ. ಇಷ್ಟು ಜೋಪಾನ ಮಾಡುವ ನಾವು ಈ ಸ್ವರೂಪದ ಹಿಂದಿನ ಕಥೆಯನ್ನು ಒಮ್ಮೆ ನೆನೆಯೋಣ.

ಬೆಂಗಳೂರಿನ ವಿವೇಕನಗರದಲ್ಲೂ ನಮ್ಮ ಧರ್ಮಕೇಂದ್ರಗಳಲ್ಲೂ ಬೆಳೆದಿರುವ ಈ ಭಕ್ತಿ ಯುರೋಪಿನ ಪ್ರಾಗ್ ನಗರದಿಂದ ಬಂದದ್ದು. 1628ರಲ್ಲಿ ಪೊಲಿಕ್ಸೆನಾ ಎಂಬ ಸಿರಿವಂತ ಮನೆತನದ ಮಹಿಳೆ ಈ ಸ್ವರೂಪವನ್ನು ಅಲ್ಲಿನ ಕಾರ್ಮೆಲ್ ಸಭೆಯ ಗುರುಗಳಿಗೆ ಕೊಟ್ಟರು. 1631ರಲ್ಲಿ ಸ್ಯಾಕ್ಸನ್ ಸೈನ್ಯ ನಗರವನ್ನು ಹಿಡಿದು ಮಠವನ್ನು ಸೂರೆ ಮಾಡಿತು. ಬಾಲಯೇಸುವನ್ನು ಪೀಠದ ಹಿಂದಿನ ರಾಶಿಯಲ್ಲಿ ಎಸೆದರು. ಕೈಗಳು ಮುರಿದವು. ಆರು ವರ್ಷಗಳ ನಂತರ, 1637ರಲ್ಲಿ, ಫಾದರ್ ಸಿರಿಲ್ ಎಂಬ ಗುರುಗಳು ಹುಡುಕಿ ತೆಗೆದು, ಧೂಳು ಒರೆಸಿ, ಮತ್ತೆ ಪ್ರಾರ್ಥನೆಯ ಸ್ಥಳದಲ್ಲಿ ಇಟ್ಟರು. ತನಗೆ ಕೈಗಳನ್ನು ಕೊಡು ಎಂದು ಬಾಲಯೇಸು ಬೇಡಿದ ದನಿ ಅವರಿಗೆ ಪ್ರಾರ್ಥನೆಯಲ್ಲಿ ಕೇಳಿಸಿತೆಂದು ಪರಂಪರೆ ಹೇಳುತ್ತದೆ.

ಪ್ರಿಯರೇ, ಆ ಆರು ವರ್ಷ ಬಾಲಯೇಸು ಎಲ್ಲಿದ್ದ? ದೇವಾಲಯದ ಒಳಗೇ ಇದ್ದ, ಪೀಠದ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ. ನಮ್ಮ ನಡುವೆಯೂ ಹೀಗೆ ಮೂಲೆಗೆ ಸರಿಸಲ್ಪಟ್ಟ ಮಗು ಇದೆಯೇ? ಈ ಪ್ರಶ್ನೆಗೆ ಉತ್ತರ ಕೊಡುವಾಗ ನಾವು ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು.

ಮೂರು ವರ್ಷದ ಹಿಂದೆ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ ತಮ್ಮ ನಾಲ್ಕು ವರ್ಷದ ಮಗನನ್ನು ನಮ್ಮ ಬಾಲವಾಡಿಗೆ ಸೇರಿಸಲು ಬಂದರು. ಮಗು ಮಾತಾಡುತ್ತಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಗಂಟೆ ಬಾರಿಸಿದರೆ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಅಳುತ್ತಿತ್ತು. ಒಂದು ವಾರ ನೋಡಿದೆವು. ಬೇರೆ ಮಕ್ಕಳ ತಂದೆತಾಯಿಗಳು ಗೊಣಗಿದರು. ನಾವು ಆ ತಾಯಿಯನ್ನು ಕರೆದು, "ಸ್ವಲ್ಪ ಸರಿಹೋದ ಮೇಲೆ ಕರ್ಕೊಂಡು ಬನ್ನಿ ಅಮ್ಮಾ" ಎಂದೆವು. ಮೆತ್ತಗೇ ಹೇಳಿದೆವು. ಆದರೆ ಇಲ್ಲಿ ನಿಮಗೆ ಸ್ಥಳವಿಲ್ಲ ಎಂದು ಬೆತ್ಲೆಹೇಮಿನಲ್ಲಿ ಮೇರಿ ಜೋಸೆಫರಿಗೆ ಸಿಕ್ಕಿದ ಉತ್ತರವೇ ನಮ್ಮ ಬಾಯಿಂದಲೂ ಬಂದಿತ್ತು.

ಆ ವರ್ಷ ಮನೆಗಳನ್ನು ಮಂತ್ರಿಸಲು ಹೋದಾಗ ಆ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗೆ ಮಗುವಿನ ಸದ್ದು. ಪಕ್ಕದ ಮನೆಯ ಅಜ್ಜಿಯ ಬಳಿ ಬೀಗದಕೈ ಇತ್ತು. ಮಧ್ಯಾಹ್ನ ಅವರು ಬಂದು ಅನ್ನ ತಿನ್ನಿಸಿ ಮತ್ತೆ ಬೀಗ ಹಾಕುತ್ತಿದ್ದರು. ಕೆಲಸ ಬಿಟ್ಟರೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಪ್ರಿಯರೇ, ಆ ಬೀಗ ಹಾಕಿದ್ದು ತಾಯಿಯಲ್ಲ. ಹಾಕಿದವರು ನಾವು.

ಹಿಂದಿರುಗಿ ಬಂದು ಬಾಲವಾಡಿಯ ಟೀಚರಮ್ಮನವರಿಗೆ ವಿಷಯ ತಿಳಿಸಿದೆವು. ಅವರು, "ಕರೆಸಿ ಫಾದರ್, ನಾನು ನೋಡ್ಕೋತೀನಿ. ಆದರೆ ಒಬ್ಬಳ ಕೈಲಿ ಆಗಲ್ಲ, ಇನ್ನೊಬ್ಬರನ್ನ ಕೊಡಿ" ಎಂದರು. ಮಹಿಳಾ ಸಂಘದವರು ಸರದಿಯ ಮೇಲೆ ಬಂದರು. ಗಂಟೆ ನಿಲ್ಲಿಸಿ ಚಪ್ಪಾಳೆ ತಟ್ಟಿ ಮಕ್ಕಳನ್ನು ಕರೆದರು. ಒಂದು ಮೂಲೆಯಲ್ಲಿ ಚಾಪೆ ಹಾಸಿ ಗಲಾಟೆಯಿಲ್ಲದ ಜಾಗ ಮಾಡಿದರು. ಮೊದಲು ಆಟ, ಆಮೇಲೆ ಕೈತೊಳೆಯುವುದು, ಆಮೇಲೆ ಊಟ ಎಂದು ದಿನದ ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಸರ್ಕಾರಿ ಆಸ್ಪತ್ರೆಯ ವೈದ್ಯರು ಇದು ಆಟಿಸಂ ಎಂದು ತಿಳಿಸಿ, ತಾಯಿಗೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಹೇಳಿಕೊಟ್ಟರು. ಆ ಮಗು ಇಂದಿಗೂ ಹೆಚ್ಚು ಮಾತಾಡುವುದಿಲ್ಲ. ಆದರೆ ಹಸಿವಾದರೆ ಊಟದ ಚಿತ್ರ ತೋರಿಸುತ್ತದೆ. ಆ ಚಿತ್ರಗಳಿಂದ ಉಳಿದ ಮಕ್ಕಳ ಅಳುವೂ ಕಡಿಮೆಯಾಯಿತು, ಮುಂದೇನೆಂದು ಅವರಿಗೂ ಗೊತ್ತಾಗುತ್ತಿತ್ತಲ್ಲ!

ಇದು ಹೊಸ ಪಾಠವೇನಲ್ಲ. ಮಾರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆ ಮೊದಲು ಕೆಲಸ ಮಾಡಿದ್ದು, ಕಲಿಯಲಾರರೆಂದು ಎಲ್ಲರೂ ಕೈಬಿಟ್ಟ ಮಕ್ಕಳೊಡನೆ. ಅಲ್ಲಿ ಕಲಿತದ್ದನ್ನೇ ಹಿಡಿದು 1907ರ ಜನವರಿ 6ರಂದು ರೋಮಿನ ಬಡವರ ಕೇರಿಯಲ್ಲಿ, ದುಡಿಯುವ ತಂದೆತಾಯಿಗಳ ಮಕ್ಕಳಿಗಾಗಿ ‘ಮಕ್ಕಳ ಮನೆ’ ತೆರೆದರು. ಕೈಬಿಟ್ಟ ಮಕ್ಕಳು ಕಲಿಸಿದ ಪಾಠ ಲೋಕದ ಮಕ್ಕಳಿಗೆಲ್ಲ ಉಪಯೋಗವಾಯಿತು.

ಪ್ರಭು ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಟ್ಟನಡುವೆ ನಿಲ್ಲಿಸಿದರು. ಇಂಥ ಮಗುವನ್ನು ಸ್ವೀಕರಿಸುವವನು ತಮ್ಮನ್ನೇ ಸ್ವೀಕರಿಸುತ್ತಾನೆಂದರು. ಅದೇ ಉಸಿರಿನಲ್ಲಿ, ಇಂಥ ಎಳೆಯರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲಿನ ಮಾತನ್ನೂ ಆಡಿದರು. ಮಗುವನ್ನು ಬರಮಾಡಿಕೊಂಡರೆ ಸಾಲದು, ಬಂದ ಮಗು ಸುರಕ್ಷಿತವಾಗಿರಬೇಕು. ಧರ್ಮಸಭೆಯ ಆಶ್ರಯದಲ್ಲೇ ಮಕ್ಕಳು ನೋವುಂಡಿದ್ದಾರೆ. ಇದನ್ನು ನಾವು ತಲೆತಗ್ಗಿಸಿ ಹೇಳಬೇಕಾಗಿದೆ. ಅದಕ್ಕಾಗಿಯೇ ಜಗದ್ಗುರು ಫ್ರಾನ್ಸಿಸ್‌ರವರು 2014ರಲ್ಲಿ ಮಕ್ಕಳ ರಕ್ಷಣೆಗೆಂದು ಒಂದು ಆಯೋಗವನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಮನೆತನದ ಮಾನ, ಗುಡಿಯ ಮಾನ ಎಂದು ಮುಚ್ಚಿಡುವ ಹಕ್ಕು ನಮಗಿಲ್ಲ.

ಆದ್ದರಿಂದ ನಮ್ಮ ಬಾಲವಾಡಿಯಲ್ಲೂ ಭಾನುವಾರದ ಧರ್ಮೋಪದೇಶದ ತರಗತಿಯಲ್ಲೂ ಕೆಲವು ನಿಯಮಗಳನ್ನು ಪಾಲಿಸೋಣ. ಮಕ್ಕಳೊಂದಿಗೆ ಯಾವಾಗಲೂ ಇಬ್ಬರು ದೊಡ್ಡವರಿರಲಿ. ತರಗತಿಯ ಬಾಗಿಲು ತೆರೆದಿರಲಿ. ಮಗುವನ್ನು ಯಾರು ಕರೆದೊಯ್ಯಬಹುದೆಂದು ಪುಸ್ತಕದಲ್ಲಿ ಬರೆದಿರಲಿ. ಬೆತ್ತ ಬೇಡ. ಗುರುಗಳಾಗಲಿ ಟೀಚರಾಗಲಿ ಈ ನಿಯಮದಿಂದ ಹೊರಗಲ್ಲ. ನಿಯಮ ಮುರಿದದ್ದು ಕಂಡರೆ ನಮ್ಮನ್ನೇ ಕೇಳಿ, ಸಂಕೋಚ ಬೇಡ.

ತಂದೆತಾಯಿಗಳೇ, ಮಗು ಹೇಳಿದ್ದನ್ನು ನಂಬಿ. "ಆ ಮಾಮ ಬೇಡ" ಎಂದರೆ ಬೈಯದೆ ಕೂರಿಸಿಕೊಂಡು ಕೇಳಿ. ಆಪತ್ತಿಗೆ 1098 ಮಕ್ಕಳ ಸಹಾಯವಾಣಿಯಿದೆ. ಮಾತು, ನಡಿಗೆ, ಕೇಳುವಿಕೆ ತಡವಾಗಿದ್ದರೆ, "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂದು ಕಾಯುತ್ತಾ ಕೂರಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಎಳೆಯ ವಯಸ್ಸಿನಲ್ಲಿ ಸಿಕ್ಕ ನೆರವಿನ ಫಲ ದೊಡ್ಡದು. ಇಂಥ ಮಗುವನ್ನು ಪಾಪದ ಫಲವೆಂದು ಯಾರೂ ಆಡದಿರಲಿ. ಹುಟ್ಟುಕುರುಡನ ವಿಷಯದಲ್ಲಿ ಪ್ರಭು ಆ ಮಾತನ್ನು ಅಂದೇ ಅಲ್ಲಗಳೆದಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇತರ ಮಕ್ಕಳೊಡನೆ ಕೂತು ಕಲಿಯುವ ಹಕ್ಕನ್ನು ಈ ಮಕ್ಕಳಿಗೆ ಕೊಟ್ಟಿದೆ.

ನಜರೇತಿನಲ್ಲಿ ಬಾಲಯೇಸು ಜ್ಞಾನದಲ್ಲೂ ಎತ್ತರದಲ್ಲೂ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ. ದೇವಪುತ್ರನಿಗೂ ಬೆಳೆಯಲು ಒಂದು ಮಡಿಲು, ಒಂದು ಮನೆ, ಕಾಯುವ ಜನ ಬೇಕಾಗಿತ್ತು.

ಇಂದು ಸಂಜೆ ತೇರಿನ ಮುಂದೆ ಆ ಮಗು ತಾಯಿಯೊಂದಿಗೆ ನಡೆಯಲಿದೆ. ಅವನಿಗಾಗಿ ಪಟಾಕಿ ಬೇಡವೆಂದು, ಬ್ಯಾಂಡಿನವರು ಸ್ವಲ್ಪ ಹಿಂದೆ ಬರಲೆಂದು ಯುವಜನರೇ ತೀರ್ಮಾನಿಸಿದ್ದಾರೆ. ಕೈಗಳನ್ನು ಬೇಡಿದ ಬಾಲಯೇಸುವಿಗೆ ನಮ್ಮ ಧರ್ಮಕೇಂದ್ರ ಈ ವರ್ಷ ಕೊಡುವ ಕಾಣಿಕೆ ಇದೇ ಆಗಲಿ. ಬಾಲಯೇಸು ನಮ್ಮೆಲ್ಲ ಮಕ್ಕಳನ್ನೂ, ಮೂಲೆಯಲ್ಲಿ ಉಳಿದ ಮಕ್ಕಳನ್ನು ವಿಶೇಷವಾಗಿಯೂ, ಆಶೀರ್ವದಿಸಲಿ. ಆಮೆನ್.